ಬೋರ್ಡ್ ಇಲ್ಲದ ನರ್ಸರಿ, 20 ಸಸಿ, 500 ರೂಪಾಯಿ: ಮೂರು ಬೇಸಿಗೆ ಕಳೆದ ಮೇಲೆ ನನ್ನ ರಿವ್ಯೂ

ಗಿಡ ತಂದ ವಾರವೇ ನರ್ಸರಿ ಬಗ್ಗೆ ರಿವ್ಯೂ ಬರೆದರೆ ಏನೂ ಉಪಯೋಗ ಇಲ್ಲ. ತಂದ ದಿನ ಎಲ್ಲ ಗಿಡವೂ ಹಸಿರಾಗಿ, ಚೆಂದವಾಗಿಯೇ ಇರುತ್ತದೆ. ಅದಕ್ಕೇ ನಾನು ಕಾದೆ. ಸಸಿ ತಂದಿದ್ದು 2022ರ ಜೂನ್‌ನಲ್ಲಿ, ಈಗ 2025ರ ಮೇ. ನಡುವೆ ಒಂದು ಅತಿ ಮಳೆ, ಒಂದು ಬರ, ಮೂರು ಬೇಸಿಗೆ, ಎಲ್ಲ ಕಳೆದಿದೆ. 20 ಸಸಿಯಲ್ಲಿ 17 ಬದುಕಿವೆ. ಈಗ ಧೈರ್ಯವಾಗಿ ಹೇಳಬಹುದು.

ಮೊದಲೇ ಹೇಳಿಬಿಡುತ್ತೇನೆ, ಓದುವ ಪುರುಸೊತ್ತು ಇಲ್ಲದವರಿಗಾಗಿ: ತುಮಕೂರು ಸುತ್ತಮುತ್ತ ಇದ್ದು, ಮನೆ ಮುಂದೆ ನಮ್ಮ ನೆಲದ ಗಿಡಗಳನ್ನೇ ಬೆಳೆಸಬೇಕು ಅನ್ನುವ ಆಸೆ ಇದ್ದರೆ ಈ ನರ್ಸರಿಗೆ ಹೋಗಿ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಹೆಸರು ಕೇಳಿದರೆ ಹೇಳಲು ಹೆಸರೇ ಇಲ್ಲ. ಬೋರ್ಡೂ ಇಲ್ಲ. ತುಮಕೂರಿನಿಂದ ಊರ್ಡಿಗೆರೆ ಕಡೆ ಹೋಗುವ ದಾರಿಯಲ್ಲಿ, ಒಂದು ಹುಣಸೆ ಮರದ ಪಕ್ಕ ಹಸಿರು ನೆರಳು ಬಲೆ ಕಟ್ಟಿದ ಸಣ್ಣ ಜಾಗ. ನಡೆಸುವವರು ಅರವತ್ತು ದಾಟಿದ ಒಬ್ಬ ಅಜ್ಜಿ. ಎಷ್ಟೋ ವರ್ಷ ಸರ್ಕಾರಿ ಸಸ್ಯಕ್ಷೇತ್ರದಲ್ಲಿ ಚೀಲಕ್ಕೆ ಮಣ್ಣು ತುಂಬುವ, ಬೀಜ ಊರುವ ಕೂಲಿಗೆ ಹೋಗುತ್ತಿದ್ದವರು. ಆ ಕೈ ಅಭ್ಯಾಸ ಬಿಡದೆ ಈಗ ತಮ್ಮ ಜಮೀನಿನ ಮೂಲೆಯಲ್ಲೇ ಸಸಿ ಮಾಡುತ್ತಾರೆ. ಸುತ್ತಲಿನ ಗುಡ್ಡ, ಬೇಲಿ, ಕೆರೆ ಏರಿಯಲ್ಲಿ ಬಿದ್ದ ಬೀಜವೇ ಅವರ ಬಂಡವಾಳ.

ಅಲ್ಲಿಗೆ ಹೋಗುವ ಮುಂಚೆ ನಮ್ಮ ಮನೆ ಮುಂದೆ ಏನಿತ್ತು ಅನ್ನುವುದನ್ನು ಹೇಳಬೇಕು. ನಮ್ಮದು 30x40 ಸೈಟು. ಮುಂದುಗಡೆ ಮೂವತ್ತಡಿ ಉದ್ದ, ಹತ್ತಡಿ ಅಗಲದ ಜಾಗ ಉಳಿದಿದೆ. 2019ರಲ್ಲಿ ಮನೆ ಕಟ್ಟಿಸಿದಾಗ ಒಬ್ಬ ಗಾರ್ಡನ್ ಕಂಟ್ರಾಕ್ಟರ್ ಬಂದು ಲಾನ್ ಹಾಸಿ, ಕಾಂಪೌಂಡ್ ಉದ್ದಕ್ಕೂ ಹಳದಿ ಎಲೆಯ ಡುರಾಂಟ ನೆಟ್ಟು, ಗೇಟಿನ ಎರಡು ಕಡೆ ಅರೇಕಾ ಪಾಮ್ ಇಟ್ಟು 32,000 ರೂಪಾಯಿ ತೆಗೆದುಕೊಂಡರು. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹುಲ್ಲಿಗೆ ದಿನಾ ಅರ್ಧ ಸಿಂಟೆಕ್ಸ್ ನೀರು ಬೇಕಿತ್ತು. ಒಂದು ವಾರ ಊರಿಗೆ ಹೋಗಿ ಬಂದರೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಹುಲ್ಲಿನ ಕೆಳಗೆ ಇದ್ದದ್ದು ಎರಡಿಂಚು ಕೆಂಪು ಮಣ್ಣು, ಅದರ ಕೆಳಗೆ ಪೂರ್ತಿ ಇಟ್ಟಿಗೆ ಚೂರು, ಗಾರೆ, ಜಲ್ಲಿ. ಮತ್ತೆ ನನಗೆ ತುಂಬ ಬೇಜಾರು ತಂದ ವಿಷಯ ಅಂದರೆ, ಎರಡು ವರ್ಷ ಆ ತೋಟದ ಎದುರು ಕೂತು ಕಾಫಿ ಕುಡಿದರೂ ಒಂದು ಹಕ್ಕಿ ಅಲ್ಲಿ ಇಳಿದು ಏನಾದರೂ ಹೆಕ್ಕಿದ್ದನ್ನು ನಾನು ನೋಡಲಿಲ್ಲ.

ಒಂದು ಭಾನುವಾರ ದೇವರಾಯನದುರ್ಗಕ್ಕೆ ಹೋಗಿದ್ದೆವು. ನಾಮದ ಚಿಲುಮೆ ನೋಡಿಕೊಂಡು ಸುಮ್ನೆ ಬೆಟ್ಟದ ದಾರಿಯಲ್ಲಿ ನಡೆಯುತ್ತಿದ್ದಾಗ ನಮ್ಮತ್ತೆ ಪಟಪಟ ಅಂತ ಗಿಡಗಳ ಹೆಸರು ಹೇಳುತ್ತಾ ಹೋದರು. ಇದು ತಂಗಡಿ, ಇದು ಬಂದರೆ ಗಿಡ, ಇದು ಲಕ್ಕಿ, ಅದು ಕವಳೆ, ಮುಳ್ಳಿದೆ ಹುಷಾರು. ಶಿರಾ ಕಡೆ ಹುಟ್ಟಿ ಬೆಳೆದವರು, ಅವರಿಗೆ ಇವೆಲ್ಲ ದನ ಮೇಯಿಸುವಾಗಿನ ಪರಿಚಯ. ಫೆಬ್ರವರಿ ಕೊನೆ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು, ಬಂಡೆಗಳ ಸಂದಿಯಲ್ಲಿ ಒಂದು ಹನಿ ನೀರಿಲ್ಲ, ಆದರೂ ತಂಗಡಿ ತುಂಬ ಹಳದಿ ಹೂ. ಹಳದಿ ಕತ್ತಿನ ಪಿಕಳಾರ ಅಂತ ಒಂದು ಹಕ್ಕಿ ಇದೆ, ಜಗತ್ತಿನಲ್ಲಿ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಅದು ಬದುಕುವುದೇ ಇಂಥ ಬಂಡೆ ಮತ್ತು ಕುರುಚಲು ಕಾಡಿನಲ್ಲಿ. ಇಷ್ಟೆಲ್ಲ ನಮ್ಮ ಊರಿನ ಪಕ್ಕದಲ್ಲೇ ಇರುವಾಗ ಮನೆ ಮುಂದೆ ಮಾತ್ರ ಯಾವುದೋ ದೇಶದ ಹುಲ್ಲಿಗೆ ನೀರು ಸುರಿಯುತ್ತಿದ್ದೇವಲ್ಲ ಅನ್ನಿಸಿತು.

ಮಾರನೇ ವಾರ ಪೇಟೆಯ ನಾಲ್ಕೈದು ನರ್ಸರಿಗಳಲ್ಲಿ ತಂಗಡಿ ಸಸಿ ಕೇಳಿದೆ. ಎಲ್ಲೂ ಇಲ್ಲ. ಒಂದು ಕಡೆ "ಅದು ರೋಡ್ ಸೈಡಲ್ಲಿ ಬೆಳೆಯುತ್ತಲ್ಲ ಮೇಡಂ, ಅದನ್ನ ಯಾರು ಮಾರ್ತಾರೆ" ಅಂದರು. ಇನ್ನೊಂದು ಕಡೆ ಚಿಟ್ಟೆ ಬರುವ ಗಿಡ ಅಂತ ಕುಂಡದಲ್ಲಿ ಲಂಟಾನ ಕೊಡಲು ಬಂದರು. ಲಂಟಾನಕ್ಕೆ ಚಿಟ್ಟೆ ಬರುವುದು ನಿಜ. ಆದರೆ ಬ್ರಿಟಿಷರ ಕಾಲದಲ್ಲಿ ಅಂದಕ್ಕೆ ಅಂತ ತಂದ ಅದೇ ಗಿಡ ಇವತ್ತು ಬಂಡೀಪುರದ ಕಾಡನ್ನು ಹೇಗೆ ಮುಚ್ಚಿದೆ ಅಂತ ನೋಡಿದವರು ಅದನ್ನು ಮನೆಗೆ ತರುವುದಿಲ್ಲ. ಹುಲ್ಲು ಬೆಳೆಯಲು ಬಿಡುವುದಿಲ್ಲ, ಜಿಂಕೆಗೂ ಆನೆಗೂ ಮೇವು ಸಿಗುವುದಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮೇಜು ಮಾಡುತ್ತಾರೆ, ಅಷ್ಟು ಬೆಳೆದು ನಿಂತಿದೆ. ಕೊನೆಗೆ ನಮ್ಮ ಮನೆಗೆ ಹಾಲು ಹಾಕುವವರು ಈ ಅಜ್ಜಿ ಬಗ್ಗೆ ಹೇಳಿದರು.

ಇನ್ನು ನರ್ಸರಿ ವಿಷಯಕ್ಕೆ ಬರೋಣ. ನಾನು ಹೋದಾಗ ಅಜ್ಜಿ ಗಿಡ ತೋರಿಸಲಿಲ್ಲ, ಮೊದಲು ಪ್ರಶ್ನೆ ಕೇಳಿದರು. "ಎಷ್ಟು ಜಾಗ ಐತೆ? ಬಿಸ್ಲು ಯಾವ ಕಡೆಯಿಂದ ಬೀಳ್ತೈತೆ? ಮಣ್ಣು ಎಂಥದು?" ಮಣ್ಣಿನ ಬಗ್ಗೆ ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಆಗ ಅವರು ಅವತ್ತು ಒಂದೂ ಗಿಡ ಕೊಡದೆ ವಾಪಸ್ ಕಳಿಸಿದರು. ಒಂದೂವರೆ ಅಡಿ ಗುಂಡಿ ತೆಗೆದು ನೀರು ತುಂಬಿಸು, ಎಷ್ಟೊತ್ತಿಗೆ ಇಂಗುತ್ತದೆ ನೋಡಿಕೊಂಡು ಬಾ ಅಂದರು. ಹನ್ನೆರಡು ಕಿಲೋಮೀಟರ್ ಹೋಗಿ ಬರಿಗೈಯಲ್ಲಿ ಬಂದದ್ದಕ್ಕೆ ಆಗ ಸಿಟ್ಟು ಬಂದಿತ್ತು. ಆದರೆ ಗುಂಡಿ ತೆಗೆದಾಗ ಗೊತ್ತಾಯಿತು: ಗೇಟಿನ ಹತ್ತಿರ ನೀರು ಅರ್ಧ ಗಂಟೆಯಲ್ಲಿ ಇಂಗಿತು, ಬಲಗಡೆ ಮೂಲೆಯಲ್ಲಿ ಮಾರನೇ ದಿನ ಬೆಳಿಗ್ಗೆಯೂ ಹಾಗೇ ನಿಂತಿತ್ತು. ಆ ಮೂಲೆಯಲ್ಲಿ ಮನೆ ಕಟ್ಟುವಾಗ ಸಿಮೆಂಟ್ ಕಲಸಿದ್ದರು. ಗಾರೆ ಹಲಗೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಹಾರೆಯಲ್ಲಿ ಒಡೆಸಿ ತೆಗೆಸಲು ಎರಡು ಆಳು ಬೇಕಾಯಿತು.

ಎರಡನೇ ಸಲ ಹೋದಾಗ ನಾನು ಹೊಂಗೆ ಕೇಳಿದೆ. ನೆರಳಿಗೆ ಒಳ್ಳೆಯದು, ನಮ್ಮದೇ ಮರ. ಅಜ್ಜಿ ಕೊಡಲಿಲ್ಲ. "ಹತ್ತಡಿ ಜಾಗದಾಗೆ ಹೊಂಗೆ ಹಾಕ್ತೀಯಾ? ಹದಿನೈದು ವರ್ಷ ಆದ್ಮೇಲೆ ನೀನೇ ಕಡಿಸ್ತೀಯ ಕಣಮ್ಮ. ಕಡಿಯೋ ಮರ ನಾನು ಕೊಡಾಕಿಲ್ಲ." ಎದುರಿಗೆ ದುಡ್ಡು ಹಿಡಿದು ನಿಂತ ಗಿರಾಕಿಗೆ ಬೇಡ ಅಂತ ಹೇಳುವ ನರ್ಸರಿಯನ್ನು ನಾನು ಇದೊಂದೇ ನೋಡಿದ್ದು. ಪೂರ್ತಿ ಅಂಕ ಕೊಡಬೇಕಾದ್ದು ಇದಕ್ಕೇ.

ಕೊನೆಗೆ ಕೊಂಡಿದ್ದು ಹೀಗೆ: ಬಂದರೆ ಐದು, ತಂಗಡಿ ನಾಲ್ಕು, ಮುಳ್ಳು ಗೋರಂಟೆ ಮೂರು, ಲಕ್ಕಿ ಎರಡು, ಇವೆಲ್ಲ ತಲಾ 20 ರೂಪಾಯಿ. ಕವಳೆ ಮೂರು, ತಲಾ 30. ಒಂದು ಪಾರಿಜಾತ, ಒಂದು ಒಂಟಿ ಸುತ್ತಿನ ನಂದಿಬಟ್ಟಲು, ತಲಾ 40. ಒಂದು ಈಶ್ವರಿ ಬಳ್ಳಿ, 50. ಒಟ್ಟು 500 ರೂಪಾಯಿ. ತುಂಬೆ ಮತ್ತು ಗಿಜಿಗಿಜಿ ಗಿಡದ ಬೀಜವನ್ನು ಹಳೇ ನ್ಯೂಸ್ ಪೇಪರಿನಲ್ಲಿ ಕಟ್ಟಿ ಸುಮ್ನೆ ಕೊಟ್ಟರು.

ಎಲ್ಲವೂ ಗೇಣುದ್ದದ ಸಸಿಗಳು, ಸಣ್ಣ ಚೀಲದಲ್ಲಿ. ನಾನು ದೊಡ್ಡದು ಇಲ್ಲವಾ ಅಂದೆ. ಅವರು ಒಂದು ಹಳೇ ಚೀಲ ಹರಿದು ತೋರಿಸಿದರು. ವರ್ಷಗಟ್ಟಲೆ ಚೀಲದಲ್ಲೇ ಉಳಿದ ಗಿಡದ ಬೇರು ಒಳಗೇ ಸಿಂಬಿ ಸುತ್ತಿದ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಇಂಥದ್ದನ್ನು ನೆಲಕ್ಕೆ ಹಾಕಿದರೂ ಬೇರು ಕೆಳಗೆ ಇಳಿಯದೆ ಅಲ್ಲೇ ಸುತ್ತುತ್ತದೆ, ಬೇಸಿಗೆ ಬಂದಾಗ ಸಾಯುತ್ತದೆ. ಚಿಕ್ಕ ಸಸಿಯ ಬೇರು ನೇರವಾಗಿ ಇಳಿಯುತ್ತದೆ, ಎರಡೇ ವರ್ಷದಲ್ಲಿ ದೊಡ್ಡದನ್ನು ಹಿಂದೆ ಹಾಕುತ್ತದೆ. ಚೀಲದ ಮಣ್ಣು ಕೂಡ ಕೈಯಲ್ಲಿ ಹಿಡಿದು ನೋಡಿದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಲ್ಲ, ಅದಕ್ಕೇ ನಮ್ಮ ಮಣ್ಣಿಗೆ ಹೋದ ಮೇಲೆ ಗಿಡಕ್ಕೆ ಏನೂ ವ್ಯತ್ಯಾಸ ಆಗುವುದಿಲ್ಲ.

2022ರ ಮಳೆ ನೆನಪಿದೆ ಅಲ್ವಾ? ಬೆಂಗಳೂರಿನ ಲೇಔಟ್‌ಗಳಲ್ಲಿ ದೋಣಿ, ಟ್ರ್ಯಾಕ್ಟರ್ ಓಡಾಡಿದ ವರ್ಷ. ನಮ್ಮ ಬಲಗಡೆ ಮೂಲೆಯಲ್ಲಿ ಗಾರೆ ತೆಗೆಸಿದ್ದರೂ ನೀರು ನಿಂತಿತು. ಅಲ್ಲಿದ್ದ ಒಂದು ತಂಗಡಿ, ಮತ್ತೆ ಈಶ್ವರಿ ಬಳ್ಳಿ ಕೊಳೆತು ಹೋದವು. ಮುಂದೆ ಬಣ್ಣ ಹೊಡೆಯಲು ಬಂದವರು ಏಣಿ ಇಡುವಾಗ ಒಂದು ಕವಳೆ ಮುರಿಯಿತು. ಹೋದದ್ದು ಈ ಮೂರೇ.

ಆಮೇಲೆ ಬಂದದ್ದು 2023. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದ ವರ್ಷ. 2024ರ ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಬೀದಿಯಲ್ಲಿ ಟ್ಯಾಂಕರಿಗೆ ಸರದಿ. ಆ ಎರಡು ತಿಂಗಳು ನಾನು ಗಿಡಗಳಿಗೆ ಹಾಕಿದ್ದು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ವಾರಕ್ಕೆ ಎರಡು ಬಕೆಟ್ಟು ಆರ್‌ಒ ವೇಸ್ಟ್ ನೀರು, ಅಷ್ಟೇ. ಒಂದು ಗಿಡವೂ ಸಾಯಲಿಲ್ಲ. ಪಾರಿಜಾತ ಎಲೆ ಉದುರಿಸಿ ಬೋಳಾಗಿ ನಿಂತಿತ್ತು, ಮೇ ತಿಂಗಳ ಮೊದಲ ಮಳೆಗೆ ಚಿಗುರಿತು. ಬಂದರೆಗೆ ಬರ ಬಂದದ್ದೇ ಗೊತ್ತಾಗಲಿಲ್ಲ. ಪಕ್ಕದ ಮನೆಯವರ ಲಾನ್ ಆ ಬೇಸಿಗೆಯಲ್ಲಿ ಪೂರ್ತಿ ಹೋಯಿತು. ಅವರು ಈಗ ನಮ್ಮ ಬಂದರೆ ಸಾಲಿನ ಕಡೆ ನೋಡಿ ವಿಚಾರಿಸುತ್ತಿದ್ದಾರೆ.

ಬಂದರೆ ಬಗ್ಗೆ ಒಂದು ಮಾತು. ಕೆಲವು ಕಡೆ ಹಂಗರಿಕೆ ಅನ್ನುತ್ತಾರೆ. ಡುರಾಂಟ ಕಿತ್ತು ಆ ಜಾಗಕ್ಕೆ ಇದನ್ನು ಬೇಲಿಯಾಗಿ ಹಾಕಿದೆ. ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಎಲೆ ಮುಟ್ಟಿದರೆ ಸ್ವಲ್ಪ ಅಂಟು, ಅದಕ್ಕೇ ಆಡು ಬಾಯಿ ಹಾಕುವುದಿಲ್ಲ. ಕಾಯಿಗೆ ತೆಳುವಾದ ಕಾಗದದಂಥ ರೆಕ್ಕೆ, ಬಲಿತಾಗ ತಿಳಿ ಕೆಂಪು. ಸಂಜೆ ಬಿಸಿಲು ಹಿಂದಿನಿಂದ ಬಿದ್ದಾಗ ಇಡೀ ಬೇಲಿ ಹೂ ಬಿಟ್ಟ ಹಾಗೆ ಕಾಣುತ್ತದೆ. 20 ರೂಪಾಯಿಗೆ ಇದಕ್ಕಿಂತ ಒಳ್ಳೆಯ ಬೇಲಿ ಗಿಡ ನನಗೆ ಗೊತ್ತಿಲ್ಲ.

ಆದರೆ ನನ್ನ ಮನಸ್ಸು ಗೆದ್ದದ್ದು ತಂಗಡಿ. ನಮ್ಮಜ್ಜಿ ಊರಿನಲ್ಲಿ ಹಬ್ಬಕ್ಕೆ ಸಗಣಿ ಪಿಳ್ಳೇರಾಯನಿಗೆ ಗರಿಕೆ ಜೊತೆ ಈ ಹೂ ಸಿಕ್ಕಿಸುತ್ತಿದ್ದರು, ಹಿಂದೆ ಇದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು. ಎರಡನೇ ವರ್ಷ, ಸೆಪ್ಟೆಂಬರಿನ ಒಂದು ಬೆಳಿಗ್ಗೆ ನೋಡಿದರೆ ಒಂದು ಗಿಡದ ಎಲೆ ಅರ್ಧಕ್ಕರ್ಧ ಖಾಲಿ. ಹತ್ತಿರ ಹೋಗಿ ಕೂತು ನೋಡಿದಾಗ ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಎಲೆಯ ನಡು ನರ ಅಲುಗಿದ ಹಾಗಾಯಿತು. ಅದು ನರ ಅಲ್ಲ, ಹುಳು. ಎಲೆಯದೇ ಹಸಿರು, ಪಕ್ಕದಲ್ಲಿ ಒಂದು ಬಿಳಿ ಗೆರೆ, ಗೆರೆಯ ಮೇಲೆ ಸಣ್ಣ ಕಪ್ಪು ಚುಕ್ಕಿ. ಒಂದು ಕಂಡ ಮೇಲೆ ಹತ್ತು ಕಂಡವು, ಹದಿನೈದು ಕಂಡವು. ನಾನು ಬೇವಿನ ಎಣ್ಣೆ ಬಾಟಲಿ ತೆಗೆದುಕೊಂಡು ಬಂದಿದ್ದೆ. ಸಿಂಪಡಿಸುವ ಮುಂಚೆ ನರ್ಸರಿ ಅಜ್ಜಿಗೆ ಫೋನ್ ಮಾಡಿದೆ. "ಹುಳ ಬಂತಾ? ಬತ್ತವೆ ಬಿಡು. ಏನೂ ಹಾಕ್ಬ್ಯಾಡ. ಇಪ್ಪತ್ತು ದಿನ ಸುಮ್ನಿರು, ಗಿಡ ಸಾಯಾಕಿಲ್ಲ" ಅಂದರು.

ಸುಮ್ಮನಿದ್ದೆ. ಗಿಡ ಕಡ್ಡಿ ಕಡ್ಡಿ ಆಯಿತು. ಹುಳುಗಳು ಒಂದೊಂದಾಗಿ ಮಾಯವಾದವು, ಕೆಲವನ್ನು ಪಿಕಳಾರ ಎತ್ತಿಕೊಂಡು ಹೋಗಿದ್ದನ್ನು ನಾನೇ ನೋಡಿದೆ. ಮಗಳು ಒಂದು ಕಡ್ಡಿಯ ಕೆಳಗೆ ಗೂಡು ಹುಡುಕಿದಳು. ಹಸಿರು, ಎಲೆ ಮಡಚಿದ ಹಾಗೆ ಚೂಪು, ಬಾಲದ ತುದಿ ಕಡ್ಡಿಗೆ ಅಂಟಿಸಿ, ನಡುವಿಗೆ ಕೂದಲಿಗಿಂತ ತೆಳುವಾದ ಒಂದು ದಾರ ಕಟ್ಟಿಕೊಂಡು ಒರಗಿತ್ತು. ಸ್ಕೂಲಿಗೆ ಹೋಗುವ ಮುಂಚೆ, ಬಂದ ಮೇಲೆ, ದಿನಾ ನೋಡುವುದೇ ಅವಳ ಕೆಲಸ. ಒಂದು ಸಂಜೆ ಗೂಡಿನ ಸಿಪ್ಪೆ ಗಾಜಿನ ಹಾಗೆ ಆಗಿ ಒಳಗಿನ ಬಿಳಿ ರೆಕ್ಕೆ ಕಾಣತೊಡಗಿತು. ಮಾರನೇ ದಿನ ಬೆಳಿಗ್ಗೆ ಎದ್ದು ಬಂದಾಗ ಅದು ಹೊರಗೆ ಬಂದು, ಮುದುಡಿದ ರೆಕ್ಕೆ ಇಳಿಬಿಟ್ಟು, ಖಾಲಿ ಸಿಪ್ಪೆಯನ್ನೇ ಹಿಡಿದುಕೊಂಡು ನೇತಾಡುತ್ತಿತ್ತು. ಒಂದು ಗಂಟೆಯಲ್ಲಿ ರೆಕ್ಕೆ ಬಿಡಿಸಿಕೊಂಡಿತು. ತಿಳಿ ಹಸಿರು ಬೆರೆತ ಬಿಳಿ. ಮಾಟಲ್ಡ್ ಎಮಿಗ್ರಂಟ್ ಅಂತ ಅದರ ಇಂಗ್ಲಿಷ್ ಹೆಸರು ಆಮೇಲೆ ಹುಡುಕಿಕೊಂಡೆವು. ಮಗಳಿಗೆ ಅವತ್ತು ಸ್ಕೂಲ್ ಬಸ್ಸು ತಪ್ಪಿತು, ನಾನೇ ಬಿಟ್ಟು ಬಂದೆ. ತಂಗಡಿ ಅಕ್ಟೋಬರ್ ಮುಗಿಯುವ ಮುಂಚೆ ಮೊದಲಿಗಿಂತ ದಟ್ಟವಾಗಿ ಚಿಗುರಿ ಹೂ ಬಿಟ್ಟಿತು. ಆ ಬೇವಿನ ಎಣ್ಣೆ ಬಾಟಲಿಯನ್ನು ನಾನು ಮತ್ತೆ ತೆಗೆದಿಲ್ಲ.

ಚಿಟ್ಟೆ ಬೇಕು ಅಂದರೆ ಹೂವಷ್ಟೇ ಸಾಲದು, ಮರಿಗೆ ತಿನ್ನಲು ಎಲೆ ಬೇಕು, ಒಂದೊಂದು ಚಿಟ್ಟೆಯ ಮರಿಗೂ ಅದರದೇ ಗಿಡ ಬೇಕು. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕೂತಿರುವ ಹುಳು ನೀವೂ ನೋಡಿರುತ್ತೀರಿ. ಅದು ಕಾಮನ್ ಮಾರ್ಮನ್ ಚಿಟ್ಟೆಯದು ಇರಬಹುದು, ನಿಂಬೆ ಚಿಟ್ಟೆಯದೂ ಇರಬಹುದು. ಈಶ್ವರಿ ಬಳ್ಳಿ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳಿಗೆ. ಮಲೆನಾಡಿನವರು ಹಾಕಿದರೆ ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಮೊಟ್ಟೆ ಇಡಲು ಬರಬಹುದು, ಅದರ ಮರಿಗೂ ಇದೇ ಜಾತಿಯ ಬಳ್ಳಿ ಬೇಕು. ನನ್ನ ಮೊದಲ ಬಳ್ಳಿ ಸತ್ತ ಮೇಲೆ ಎರಡನೆಯದಕ್ಕೆ ಒಂದು ವರ್ಷ ಕಾಯಬೇಕಾಯಿತು. ಅದನ್ನು ಗೇಟಿನ ಪಕ್ಕ, ನೀರು ಇಂಗುವ ಕಡೆ ಹಾಕಿದೆ. ಕಳೆದ ಆಗಸ್ಟಿನಲ್ಲಿ ಕಪ್ಪು ಕೆಂಪು ಬಣ್ಣದ, ಮೈತುಂಬ ಮೆತ್ತನೆ ಕೊಂಬು ಇರುವ, ನಡುವಿಗೆ ಬಿಳಿ ಪಟ್ಟಿ ಕಟ್ಟಿದ ಹುಳುಗಳು ಬಂದವು. ಬಳ್ಳಿಯ ವಿಷ ಹುಳುವಿನ ಮೈಗೆ ಸೇರಿ ಚಿಟ್ಟೆಯಾದ ಮೇಲೂ ಉಳಿಯುತ್ತದೆ, ಅದಕ್ಕೇ ಹಕ್ಕಿ ಅದನ್ನು ಮುಟ್ಟುವುದಿಲ್ಲ. ಇನ್ನೂ ಚೆಂದದ ವಿಷಯ, ಕರಿಬೇವಿನಲ್ಲಿ ಬೆಳೆದ ಕಾಮನ್ ಮಾರ್ಮನ್‌ನ ಹೆಣ್ಣುಗಳಲ್ಲಿ ಕೆಲವಕ್ಕೆ ಥೇಟ್ ಈ ವಿಷದ ಚಿಟ್ಟೆಯ ಬಣ್ಣವೇ ಇರುತ್ತದೆ. ವಿಷ ಇಲ್ಲ, ವೇಷ ಮಾತ್ರ. ಎರಡೂ ಒಂದೇ ಬೆಳಿಗ್ಗೆ ನಮ್ಮ ಗೋರಂಟೆ ಹೂವಿಗೆ ಬಂದಾಗ ಮೈ ಬಣ್ಣ ನೋಡಿ ಗುರುತು ಹಿಡಿಯಬೇಕಾಯಿತು. ಅಸಲಿ ರೋಸ್‌ನ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು.

ಒಂದು ಎಚ್ಚರಿಕೆ: ಈಶ್ವರಿ ಬೇರನ್ನು ಹಳ್ಳಿ ಕಡೆ ಹಾವು ಕಚ್ಚಿದ್ದಕ್ಕೆ ಔಷಧಿ ಅಂತ ಕೊಡುವುದುಂಟು. ದಯವಿಟ್ಟು ಯಾರೂ ತಿನ್ನಬೇಡಿ, ಕಷಾಯ ಮಾಡಬೇಡಿ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಸಿಡ್ ಕಿಡ್ನಿಯನ್ನೇ ಹಾಳು ಮಾಡುತ್ತದೆ, ಕ್ಯಾನ್ಸರಿಗೂ ಕಾರಣ. ಬಳ್ಳಿ ಚಿಟ್ಟೆಗೆ ಇರಲಿ. ಹಾವು ಕಚ್ಚಿದರೆ ಆಸ್ಪತ್ರೆ.

ಉಳಿದವನ್ನು ಬೇಗ ಹೇಳುತ್ತೇನೆ. ಲಕ್ಕಿ ತುಂಬ ಜೋರಾಗಿ ಬೆಳೆಯುತ್ತದೆ, ವರ್ಷಕ್ಕೆ ಒಂದು ಸಲ ಕತ್ತರಿಸಲೇಬೇಕು, ತಿಳಿ ನೀಲಿ ಹೂವಿಗೆ ದುಂಬಿಗಳ ಜಾತ್ರೆ, ಶೀತ ಆದಾಗ ಎಲೆ ಹಾಕಿ ಆವಿ ತೆಗೆದುಕೊಳ್ಳಬಹುದು. ಕವಳೆ ನಿಧಾನ, ಈ ವರ್ಷವಷ್ಟೇ ಮೊದಲ ಹೂ ಬಂತು, ಮಲ್ಲಿಗೆಯಂಥ ವಾಸನೆ, ಉಪ್ಪಿನಕಾಯಿಗೆ ಸಾಕಾಗುವಷ್ಟು ಕಾಯಿ ಇನ್ನೂ ಇಲ್ಲ. ಮುಳ್ಳು ಜೋರು, ಓಡಾಡುವ ದಾರಿ ಪಕ್ಕ ಹಾಕಬೇಡಿ. ಪಾರಿಜಾತದ ಕೊಂಬೆಗೆ ಈ ಮಾರ್ಚಿನಲ್ಲಿ ಸೂರಕ್ಕಿ ಗೂಡು ಕಟ್ಟಿತು, ಜೇಡರ ಬಲೆ, ಒಣ ತೊಗಟೆ ಚೂರು ಸೇರಿಸಿ ನೇತು ಹಾಕಿದ ಸಣ್ಣ ಚೀಲದ ಹಾಗೆ. ನಂದಿಬಟ್ಟಲಿನಲ್ಲಿ ಹೆಬ್ಬೆರಳು ದಪ್ಪದ ಹಸಿರು ಹುಳು ಬಂದರೆ ಹೆದರಬೇಡಿ, ನೀಲಿ ಕಣ್ಣಿನ ಹಾಗೆ ಕಾಣುವುದು ಕಣ್ಣಲ್ಲ, ಮಚ್ಚೆ. ಅದು ರಾತ್ರಿ ಹಾರುವ ಒಂದು ಪತಂಗದ ಮರಿ. ಬೀಜ ಎರಚಿದ ತುಂಬೆ ಮತ್ತು ಗಿಜಿಗಿಜಿ ತಾವಾಗಿಯೇ ಹುಟ್ಟುತ್ತಾ ಇವೆ. ಗಿಜಿಗಿಜಿ ಒಣಗಿದರೂ ಕೀಳಬೇಡಿ. ಒಣಗಿದ ಕಡ್ಡಿ, ಕಾಯಿಗಳ ಮೇಲೆ ಹುಲಿ ಬಣ್ಣದ ಗಂಡು ಚಿಟ್ಟೆಗಳು ಗುಂಪಾಗಿ ಕೂತು ರಸ ಹೀರುತ್ತವೆ, ಹೆಣ್ಣನ್ನು ಸೆಳೆಯುವ ವಾಸನೆ ಮಾಡಿಕೊಳ್ಳಲು ಅವಕ್ಕೆ ಅದು ಬೇಕು. ಲಾನ್ ಇದ್ದ ಕಡೆ ಈಗ ಗರಿಕೆ ಹಬ್ಬಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತೇವ ಇರುವಲ್ಲಿ ಒಂದೆಲಗ, ವಾರಕ್ಕೊಂದು ದಿನ ತಂಬುಳಿ.

ಈಗ ನರ್ಸರಿಯ ಕೊರತೆಗಳು. ಯಾವ ಚೀಲಕ್ಕೂ ಹೆಸರು ಬರೆದಿರುವುದಿಲ್ಲ. ಎಲ್ಲ ಅಜ್ಜಿಯ ತಲೆಯಲ್ಲಿದೆ. ಅವರು ಇಲ್ಲದ ದಿನ ಮೊಮ್ಮಗ ಇದ್ದರೆ ಯಾವುದನ್ನೋ ಎತ್ತಿ ಕೊಡುತ್ತಾನೆ. ನನ್ನ ಮೂರು ಗೋರಂಟೆಯಲ್ಲಿ ಒಂದು ಬೆಳೆದ ಮೇಲೆ ಕನಕಾಂಬರ ಆಯಿತು. ಅದೂ ನಮ್ಮ ಕಡೆಯ ಗಿಡವೇ ಆದ್ದರಿಂದ ಇರಲಿ ಅಂತ ಬಿಟ್ಟೆ, ಆದರೆ ದುಡ್ಡು ಕೊಟ್ಟು ಒಂದು ಕೇಳಿದವರಿಗೆ ಇನ್ನೊಂದು ಸಿಕ್ಕರೆ ಬೇಜಾರಾಗುತ್ತದೆ. ಯಾವ ತಿಂಗಳು ಏನು ಸಿಗುತ್ತದೆ ಅಂತ ಹೇಳಲು ಆಗುವುದಿಲ್ಲ, ಬೀಜ ಸಿಕ್ಕಿದ್ದು ಸಸಿ ಆಗುತ್ತದೆ. ಫೋನ್ ಎಷ್ಟೋ ಸಲ ಎತ್ತುವುದಿಲ್ಲ. ಬಿಲ್ ಇಲ್ಲ, ಕ್ಯಾಶ್ ಮಾತ್ರ, ಮನೆಗೆ ತಂದು ಕೊಡುವ ವ್ಯವಸ್ಥೆ ಇಲ್ಲ. ಸತ್ತ ಗಿಡಕ್ಕೆ ಬದಲಿ ಕೊಡುವುದಿಲ್ಲ, ಎರಡನೇ ಈಶ್ವರಿ ಬಳ್ಳಿಗೂ ನಾನು 50 ರೂಪಾಯಿ ಕೊಟ್ಟೆ. ಹೆಸರಿನ ಗೊಂದಲಕ್ಕೆ ನಾನು ಕಂಡುಕೊಂಡ ದಾರಿ: ಗಿಡದ ಫೋಟೋ ತೆಗೆದುಕೊಂಡು, ಬಟರ್‌ಫ್ಲೈಸ್ ಆಫ್ ಇಂಡಿಯಾ ವೆಬ್‌ಸೈಟಿನಲ್ಲಿ ಯಾವ ಚಿಟ್ಟೆಗೆ ಯಾವ ಗಿಡ ಅಂತ ನೋಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ (ಐಐಎಸ್‌ಸಿ) ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ ವೆಬ್‌ಸೈಟಿನಲ್ಲಿ ಗಿಡವನ್ನು ಹೋಲಿಸಿ ನೋಡುವುದು. ಎರಡೂ ಉಚಿತ.

ಗಿಡಗಳದಲ್ಲದ ಒಂದು ತೊಂದರೆಯೂ ಇದೆ, ಇದು ಎಲ್ಲರ ಮನೆಯಲ್ಲೂ ಬರುತ್ತದೆ. ಇಂಥ ತೋಟದಲ್ಲಿ ಬಿದ್ದ ಎಲೆಯನ್ನು ಗುಡಿಸಿ ಸುಡಬಾರದು, ಅದೇ ಗೊಬ್ಬರ, ಅದೇ ತೇವ ಹಿಡಿಯುವುದು. ನಮ್ಮತ್ತೆಗೆ ಮೊದಲ ವರ್ಷ ಇದು ಸುತರಾಂ ಹಿಡಿಸಲಿಲ್ಲ. "ಮುಂಬಾಗಿಲಲ್ಲಿ ತರಗು ಬಿದ್ದಿರೋ ಮನೆಗೆ ಲಕ್ಷ್ಮಿ ಬರ್ತಾಳೇನೇ?" ಅಂತ ಕೇಳಿದರು. ಅವರ ಮಾತಿನಲ್ಲೂ ನ್ಯಾಯ ಇದೆ. ಪಕ್ಕದ ಮನೆಯವರು ಹಾವು ಬರುತ್ತದೆ ಅಂದರು. ಹಾವು ಬರುವುದು ಇಲಿಗೆ, ಇಲಿ ಬರುವುದು ನಾವು ಚೆಲ್ಲುವ ಅನ್ನಕ್ಕೆ. ಆದರೂ ಎಲ್ಲರ ಸಮಾಧಾನಕ್ಕೆ ಬಾಗಿಲಿನಿಂದ ಗೇಟಿನ ತನಕ ಮೂರಡಿ ದಾರಿಗೆ ಚಪ್ಪಡಿ ಕಲ್ಲು ಹಾಕಿಸಿ, ಅಷ್ಟನ್ನು ದಿನಾ ಗುಡಿಸಿ ನೀರು ಹಾಕಿ ರಂಗೋಲಿ ಬಿಡುವ ಹಾಗೆ ಮಾಡಿದೆವು. ತರಗೆಲ್ಲ ಕಲ್ಲಿನ ಆಚೆ, ಗಿಡಗಳ ಬುಡದಲ್ಲಿ. ದಾರಿ ಚೊಕ್ಕಟವಾಗಿದ್ದರೆ ಉಳಿದದ್ದು ಕಾಡಿನ ಹಾಗಿದ್ದರೂ ಬಂದವರ ಕಣ್ಣಿಗೆ ಹಾಳು ಬಿದ್ದ ಜಾಗ ಅನ್ನಿಸುವುದಿಲ್ಲ. ಅತ್ತೆಯ ಪೂಜೆಯ ಚೆಂಡು ಹೂವು, ಸೇವಂತಿಗೆ ಕುಂಡದಲ್ಲಿ ಹಾಗೇ ಇವೆ. ಚೆಂಡು ಹೂವಿನ ಮೂಲ ಮೆಕ್ಸಿಕೋ, ಸೇವಂತಿಗೆಯ ಮೂಲ ಚೀನಾ, ಆದರೆ ಅವು ಬೇಲಿ ಹಾರಿ ಕಾಡಿಗೆ ನುಗ್ಗುವ ಗಿಡಗಳಲ್ಲ, ಮನೆಯವರ ಮನಸ್ಸು ನೋಯಿಸಿ ಕೀಳುವ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ.

ಹೋಗುವವರಿಗೆ: ಜೂನ್‌ನಲ್ಲಿ ಎರಡು ಒಳ್ಳೆಯ ಮಳೆ ಬಿದ್ದ ಮೇಲೆ ಹೋಗಿ. ಬೆಳಿಗ್ಗೆ ಹನ್ನೊಂದರ ಒಳಗೆ ಅಜ್ಜಿ ಇರುತ್ತಾರೆ. ಚಿಲ್ಲರೆ ತೆಗೆದುಕೊಂಡು ಹೋಗಿ, ಟೊಮೆಟೊ ಕ್ರೇಟ್ ಇದ್ದರೆ ಸಸಿ ಇಡಲು ಅನುಕೂಲ. ಗುಂಡಿ ಪರೀಕ್ಷೆ ಮಾಡಿಕೊಂಡೇ ಹೋಗಿ, ಇಲ್ಲದಿದ್ದರೆ ನನ್ನ ಹಾಗೆ ಎರಡು ಸಲ ಓಡಾಡಬೇಕಾಗುತ್ತದೆ. ಪೆನ್ನು, ಟೇಪು ಹಿಡಿದುಕೊಂಡು ಹೋಗಿ ಅಲ್ಲೇ ಪ್ರತಿ ಚೀಲಕ್ಕೂ ಹೆಸರು ಅಂಟಿಸಿಕೊಳ್ಳಿ. ಮೊದಲ ವರ್ಷ ವಾರಕ್ಕೆ ಎರಡು ಸಲ ನೀರು, ಎರಡನೇ ವರ್ಷ ಬೇಸಿಗೆಯಲ್ಲಿ ಮಾತ್ರ, ಆಮೇಲೆ ಕೈ ಬಿಡಿ. ಚೀಲದ ಪ್ಲಾಸ್ಟಿಕ್ ಬಿಸಾಡಬೇಡಿ, ವಾಪಸ್ ಕೊಟ್ಟರೆ ಹರಿಯದ್ದನ್ನು ಅಜ್ಜಿ ಮತ್ತೆ ಬಳಸುತ್ತಾರೆ.

ನಾನು ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ. ಹಿಂದುಗಡೆಯ ಮೂರಡಿ ಸಂದಿಯಲ್ಲಿ ಬಿಸಿಲು ಕಡಿಮೆ, ಅಲ್ಲಿಗೆ ಆಡುಸೋಗೆ ಬರುತ್ತದಾ ಅಂತ ಕೇಳಬೇಕು. ಕಳೆದ ವರ್ಷ ಗುಡ್ಡಕ್ಕೆ ಬೆಂಕಿ ಬಿದ್ದು ಅಜ್ಜಿಗೆ ತಂಗಡಿ ಬೀಜ ಸಿಕ್ಕಿರಲಿಲ್ಲ, ನಿಮ್ಮ ಮನೇದು ಬಲಿತ ಮೇಲೆ ಒಂದಿಷ್ಟು ತಂದುಕೊಡು ಅಂದಿದ್ದರು. ಕಾಯಿ ಒಣಗಿಸಿ, ಬಿಡಿಸಿ, ಎರಡು ಹಾರ್ಲಿಕ್ಸ್ ಬಾಟಲಿ ತುಂಬ ಇಟ್ಟಿದ್ದೇವೆ.